ಆಯುಧಪೂಜೆಯ ದಿನ ನಾನು ಏಳಲಿಲ್ಲ

ನಾನೊಂದು ಹಸಿರು ಹಲಗೆ. ಕಂಪ್ಯೂಟರ್ ಡಬ್ಬಿಯ ಬಗಲಿನ ತಗಡು ತೆಗೆದರೆ ಒಳಗೋಡೆಗೆ ಅಂಟಿಕೊಂಡು ನಿಂತಿರುವವಳು ನಾನೇ. ಮದರ್‌ಬೋರ್ಡ್ ಎನ್ನುತ್ತಾರೆ. ಸ್ವಲ್ಪ ಕನಸುಗಣ್ಣಿನಿಂದ ನೋಡಿದರೆ ಒಂದು ಊರಿನ ಹಾಗೆ ಕಾಣುತ್ತೇನೆ: ತಾಮ್ರದ ಓಣಿಗಳು, ನೀರಿನ ಟಾಕಿಗಳಂಥ ಪುಟ್ಟ ಉರುಳೆಗಳು, ನಡುವೆ ಫ್ಯಾನಿನ ಕೊಡೆ ಹಿಡಿದ ಅರಮನೆ. ಹುಟ್ಟಿದ್ದು ಏಳು ಸಮುದ್ರದಾಚೆ, ಹಗಲು ಯಾವುದು ಇರುಳು ಯಾವುದು ತಿಳಿಯದ ಕಾರ್ಖಾನೆಯಲ್ಲಿ. ಕರಗಿದ ತವರದ ಮೇಲೆ ತೇಲಿಸಿದರು. ಎರೆದು ತೊಟ್ಟಿಲಿಗೆ ಹಾಕಿದ್ದು ಅಂದರೆ ಅಷ್ಟೇ.

ಅಜ್ಜಿಕಥೆಯ ರಾಕ್ಷಸನ ಜೀವ ಗಿಳಿಯೊಳಗೆ ಇರುತ್ತದಲ್ಲ, ನನ್ನ ಜೀವ ಇದ್ದದ್ದು ಒಂದು ಸೀಳಿನಲ್ಲಿ. ಆ ಕಪ್ಪು ಸೀಳಿನಲ್ಲಿ ಮೆಮೊರಿಯ ಪಟ್ಟಿ ಕೂರುತ್ತದೆ. ಅಂಥವು ನನಗೆ ಎರಡಿದ್ದವು. ಗದಗಕ್ಕೆ ಬರುವ ದಾರಿಯಲ್ಲೇ ಒಂದು ಮುರಿಯಿತು. ಉಳಿದದ್ದರಲ್ಲಿ ಪಟ್ಟಿ ಸರಿಯಾಗಿ ತಾಗದಿದ್ದರೆ ಫ್ಯಾನು ತಿರುಗುತ್ತದೆ, ದೀಪ ಹತ್ತುತ್ತದೆ, ನಾನು ಮಾತ್ರ ಏಳುವುದಿಲ್ಲ. ಆಗ ನಾನು ಆಡಬಲ್ಲ ಮಾತು ಒಂದೇ, ಕೀಂ ಎಂದು ಉದ್ದಕ್ಕೆ ಕೂಗುವುದು. ಅದಕ್ಕೆ ಕಡಲೆಕಾಳಿನಷ್ಟು ಗಾತ್ರದ ಸ್ಪೀಕರು ಬೇಕು.

ಗದಗದ ಮುರಿಗೆಪ್ಪನವರ ಮುದ್ರಣಾಲಯಕ್ಕೆ ಬಂದ ವಾರದಲ್ಲೇ ಅದನ್ನು ಕಿತ್ತರು. "ಮುಂಜಾನಿ ಮುಂಜಾನಿ ಇದೇನಿದು, ಇಲಿ ಕೂಗಿಧಂಗ," ಎಂದರು ಮುರಿಗೆಪ್ಪ. ಅವರು ಕೆಟ್ಟವರಲ್ಲ. ಕಿವಿಗೆ ಕಿರಿಕಿರಿ ಆಯಿತು, ಕಿತ್ತರು, ಮರೆತರು. ಮಾತು ಹೋದದ್ದು ಅವರದಲ್ಲವಲ್ಲ.

ನನ್ನ ಜಾಗ ಮೇಜಿನ ಕೆಳಗೆ. ಮನುಷ್ಯರನ್ನು ನಾನು ಗುರುತಿಸುತ್ತಿದ್ದದ್ದು ಅವರ ಕಾಲುಗಳಿಂದ. ಮುರಿಗೆಪ್ಪನವರ ಒಡೆದ ಹಿಮ್ಮಡಿ, ಅವರ ತಾಯಿ ನೀಲಗಂಗವ್ವನವರ ಬೆಳ್ಳಿ ಕಾಲುಂಗುರ. ಮತ್ತೆ ಕಸ್ತೂರಿ. ಅಕ್ಷರ ಜೋಡಿಸುವ ಕೆಲಸ ಅವಳದು. ಕೂತ ಕೂಡಲೇ ಚಪ್ಪಲಿ ಬಿಚ್ಚಿ ಬರಿಗಾಲನ್ನು ನನ್ನ ಡಬ್ಬಿಗೆ ಆನಿಸಿ, "ಏಳವಾ ರಾಜಕುಮಾರಿ, ಸಾಕು ನಿದ್ದಿ," ಎಂದು ಗುಂಡಿ ಒತ್ತುತ್ತಿದ್ದಳು. ನಾನು ಏಳುತ್ತಿದ್ದೆ.

ಮುಂಡರಗಿ ಕಡೆಯ ಹಳ್ಳಿಯವಳು. ಹಾಸ್ಟೆಲಿನ ಒಂದು ಕೋಣೆಯಲ್ಲಿ ಇದ್ದಳು. ಅಣ್ಣನ ಕರಾರು ಫೋನಿನಲ್ಲಿ ನನಗೂ ಕೇಳಿಸಿತ್ತು: ಕೆಲಸ ಇರುವ ತನಕ ಗದಗದಲ್ಲಿ ಇರು, ಬಿಟ್ಟ ದಿನ ಊರಿಗೆ ಬಾ, ಸೋದರಮಾವ ಕಾಯುತ್ತಿದ್ದಾನೆ. ಮಾವನಿಗೂ ಅವಳಿಗೂ ಹದಿನಾರು ವರ್ಷದ ಅಂತರ. "ನಮ್ಮ ಮಾವ ಛಲೋ ಮನಷ್ಯಾನ," ಎಂದು ಗೆಳತಿಗೆ ಹೇಳುತ್ತಿದ್ದಳು, "ನಾ ಸಣ್ಣಾಕಿದ್ದಾಗ ತನ್ನ ಹೆಗಲ ಮ್ಯಾಲೆ ಕೂಡಿಸ್ಕೊಂಡು ತಿರಗ್ಯಾನ. ಅದಕ್ಕ ಒಲ್ಲೆ."

ಆ ವರ್ಷ ಸೆಕೆ ಬಹಳ. ನನ್ನ ಬಗಲಿನ ತಗಡು ತೆಗೆದಿಟ್ಟು ಟೇಬಲ್ ಫ್ಯಾನ್ ತಿರುಗಿಸಿದ್ದರು. ಆಯುಧಪೂಜೆಯ ಬೆಳಿಗ್ಗೆ ನನ್ನನ್ನು ಎತ್ತಿ ಮೇಜಿನ ಮೇಲೆ ಕೂರಿಸಿದರು. ಮೊದಲ ಸಲ ಎಲ್ಲರ ಮುಖ ಕಂಡೆ. ಕಸ್ತೂರಿ ಬಾಗಿಲ ಹೊರಗೇ ನಿಂತಿದ್ದಳು, ಮಂಗಳಾರತಿಗೂ ಒಳಗೆ ಬರಲಿಲ್ಲ. ಮುರಿಗೆಪ್ಪ ಡಬ್ಬಿಗೆ ವಿಭೂತಿ ಎಳೆದರು, ಚೆಂಡುಹೂ ಇಟ್ಟರು. ಆಮೇಲೆ ತೆರೆದ ಬಗಲನ್ನು ನೋಡಿ ಭಕ್ತಿಯಿಂದಲೇ ಅಂದರು, "ಹೊರಗ ಹಚ್ಚಿದ್ರ ಡಬ್ಬಿಗೆ ಪೂಜಿ ಆತು. ದುಡಿಯೋದು ಒಳಗಿಂದು."

"ಸರ, ಒಳಗ ಬ್ಯಾಡ್ರಿ," ಎಂದಳು ಕಸ್ತೂರಿ ಹೊರಗಿನಿಂದ.

"ದೇವರ ಕೆಲಸಕ್ಕ ಬ್ಯಾಡ ಅನಬಾರದವಾ," ಎಂದರು ನೀಲಗಂಗವ್ವ.

ಒದ್ದೆ ಕುಂಕುಮದಲ್ಲಿ ಬೆರಳದ್ದಿ ಕೊಡವಿದರು. ಒಂದು ಹನಿ ಅರಮನೆಯ ಮೇಲೆ. ಒಂದು ಹನಿ ಮೆಮೊರಿಯ ಪಟ್ಟಿಗೆ ತಾಗಿ, ಇಳಿದು, ಸೀಳಿನೊಳಗೆ ಹೋಯಿತು. ಅಲ್ಲೇ ಒಣಗಿತು.

ಪೂಜೆಯಾದ ಯಂತ್ರಕ್ಕೆ ಆ ದಿನ ವಿಶ್ರಾಂತಿ, ಯಾರೂ ಮುಟ್ಟುವಂತಿಲ್ಲ. ಎಲ್ಲರೂ ಹೋಳಿಗೆ ಊಟಕ್ಕೆ ಮೇಲಿನ ಮನೆಗೆ ಹೋದರು. ಕಸ್ತೂರಿ ಅಂಗಡಿ ಕಾಯುತ್ತಿದ್ದಳು. ಒಬ್ಬ ಮುದುಕ ಮೆಟ್ಟಿಲ ಮೇಲೆ ಬಂದು ಕೂತ. ಹೆಂಡತಿ ತೀರಿಕೊಂಡಿದ್ದಳು; ಶಿವಗಣಾರಾಧನೆಯ ಕಾರ್ಡು ಬೇಕಿತ್ತು. ಊರಲ್ಲಿ ಯಾವ ಅಂಗಡಿಯೂ ತೆರೆದಿರಲಿಲ್ಲ. "ಸತ್ತಾಕಿಗೆ ಹಬ್ಬ ಗೊತ್ತಿಲ್ಲವಾ," ಎಂದ. ಕಸ್ತೂರಿ ಮೇಲಿನ ಮನೆಯ ಕಡೆ ಒಮ್ಮೆ ನೋಡಿದಳು. ಆಮೇಲೆ ಚಪ್ಪಲಿ ಬಿಟ್ಟು ಒಳಗೆ ಬಂದು ಗುಂಡಿ ಒತ್ತಿದಳು.

ಫ್ಯಾನು ತಿರುಗಿತು. ಪರದೆ ಕಪ್ಪಗೇ ಇತ್ತು. ಮತ್ತೆ ಒತ್ತಿದಳು. ನಾನು ಕೂಗಿದೆ, ಇದ್ದ ಶಕ್ತಿಯೆಲ್ಲ ಹಾಕಿ ಕೂಗಿದೆ, ಬಾಯಿ ಇಲ್ಲದ ಕೂಗು. ಅಷ್ಟರಲ್ಲಿ ಬೆಳ್ಳಿ ಕಾಲುಂಗುರ ಮೆಟ್ಟಿಲಿಳಿದು ಬಂದವು.

"ಆರತಿಗೆ ಯಾಕ ಒಳಗ ಬರಲಿಲ್ಲ ನೀನು?"

ಕಸ್ತೂರಿ ಗುಂಡಿಯಿಂದ ಬೆರಳು ತೆಗೆದಳು.

"ಹೊರಗಾಗಿಯೇನ?"

ಸುಳ್ಳು ಹೇಳಬಹುದಿತ್ತು. "ಹೌದ್ರಿ," ಎಂದಳು. "ಆದ್ರ ಅದು ಕುಂಕುಮದ ನೀರಿಂದ ಆಗಿರತೈತ್ರಿ ಅಮ್ಮಾರ, ಒಮ್ಮೆ ಬಿಚ್ಚಿಸಿ ನೋಡ್ರಿ."

"ಕೇಳ್ರಿ ಇಕಿ ಮಾತು. ಕುಂಕುಮ ಕೆಡಸತೈತಂತ, ಇಕಿ ಕೈ ಕೆಡಸಂಗಿಲ್ಲಂತ," ಎಂದರು ನೀಲಗಂಗವ್ವ ಮುದುಕನ ಕಡೆ ತಿರುಗಿ.

ಮುದುಕ ಎದ್ದು ಹೋದ. ಕಸ್ತೂರಿಗೆ ಹೊರಗೆ ನಿಲ್ಲಲು ಹೇಳಿದರು.

ಮರುದಿನ ಹುಬ್ಬಳ್ಳಿಯಿಂದ ರಿಪೇರಿಯವನು ಬಂದ. ನೋಡದೆಯೇ ಬಟ್ಟೆಯಿಂದ ನನ್ನ ಮೈ ಒರೆಸಿದ; ಅರಮನೆಯ ಮೇಲಿನ ಹನಿ ಧೂಳಿನ ಜೊತೆ ಹೋಯಿತು. ಪವರ್ ಸಪ್ಲೈ ಬದಲಿಸಿದ, ನಾಣ್ಯದಂಥ ಬ್ಯಾಟರಿ ಬದಲಿಸಿದ. ಬೇರೆ ಮೆಮೊರಿ ತಂದು ಅದೇ ಸೀಳಿನಲ್ಲಿ ತುರುಕಿದ. ನಾನು ಏಳಲಿಲ್ಲ. ಆಗ ಕೇಳಬೇಕಾದದ್ದನ್ನೇ ಕೇಳಿದ: "ಒಳಗೇನರ ಬಿದ್ದಿತ್ತೇನ್ರಿ? ಚಾ, ನೀರು?"

"ಏನೂ ಬಿದ್ದಿಲ್ಲ," ಎಂದರು ಮುರಿಗೆಪ್ಪ.

ಅವರು ಸುಳ್ಳು ಹೇಳಲಿಲ್ಲ. ಚಹಾ ಬೀಳುತ್ತದೆ, ನೀರು ಬೀಳುತ್ತದೆ. ಕುಂಕುಮ ಬೀಳುವುದಿಲ್ಲ, ಅದನ್ನು ಏರಿಸುತ್ತಾರೆ. ಅವರ ಮನಸ್ಸಿಗೆ ಆ ಹನಿ ಬರಲೇ ಇಲ್ಲ. ಬಲ್ಲವಳು ಅಂಗಡಿಯ ಹೊರಗೆ ಕಟ್ಟೆಯ ಮೇಲೆ ಕೂತಿದ್ದಳು. ಅವಳನ್ನು ಯಾರೂ ಕೇಳಲಿಲ್ಲ.

"ಬೋರ್ಡ್ ಸತ್ತೈತ್ರಿ," ಎಂದ ರಿಪೇರಿಯವನು.

ಮುರಿಗೆಪ್ಪ ಕಸ್ತೂರಿಯ ಮುಖ ನೋಡದೆ, "ಹೊಸಾದು ಬಂದ ಮ್ಯಾಲೆ ಹೇಳಿ ಕಳಸ್ತೀನವಾ," ಎಂದರು. ಹೊಸ ಯಂತ್ರ ಬಂತು, ಹೇಳಿ ಕಳಿಸಲಿಲ್ಲ. ಅವಳು ತನ್ನ ನೀರಿನ ಬಾಟಲಿ ಒಯ್ಯಲು ಬಂದಾಗ ನಾನು ರದ್ದಿಯ ಮೇಲೆ ಬಿದ್ದಿದ್ದೆ. ಬಗ್ಗಿ ಮೆಲ್ಲಗೆ ಅಂದಳು, "ಒಂದ ಸಲ ಎದ್ದಿದ್ರ ಸಾಕಾಗಿತ್ತಲ್ಲ." ಬಾಗಿಲಲ್ಲಿ ಅವಳ ಅಣ್ಣ ಟ್ರಂಕು ಹಿಡಿದು ನಿಂತಿದ್ದ.

ಗುಜರಿಯಲ್ಲಿ ನಾನು ಎಷ್ಟು ಕಾಲ ಬಿದ್ದಿದ್ದೆನೋ. ಮೈಮೇಲೆ ಮಿಕ್ಸರುಗಳು, ಹರಿದ ವೈರುಗಳು. ಅಲ್ಲಿಂದ ನನ್ನನ್ನು ಎತ್ತಿದವನು ದಾದಾಪೀರ, ಬಸ್ ನಿಲ್ದಾಣದ ಹಿಂದೆ ರಿಪೇರಿ ಪೆಟ್ಟಿಗೆ ಅಂಗಡಿ ಇಟ್ಟವನು. ಮೊದಲು ಒಂದು ಸ್ಪೀಕರು ಸಿಕ್ಕಿಸಿದ. ನಾನು ಕೂಗಿದೆ. ನಿಲ್ಲಿಸದೆ ಕೂಗಿದೆ. "ಅಳಬ್ಯಾಡ, ಮೆಮೊರಿ ಹಿಡೀವಲ್ದು, ಅಷ್ಟ ಹೌದಿಲ್ಲೊ," ಎಂದು ಸೀಳಿನೊಳಗೆ ಸ್ಪಿರಿಟ್ ಹಾಕಿ ಹಲ್ಲುಜ್ಜುವ ಬ್ರಷ್ ಆಡಿಸಿದ. ಬ್ರಷ್ ಕೆಂಪಗೆ ಹೊರಬಂತು. "ಹಣಿಗೆ ಹಚ್ಚೋದನ್ನ ಹೊಟ್ಟಿಗೆ ಹಾಕ್ಯಾರಲ್ಲ," ಎಂದು ಒಬ್ಬನೇ ನಕ್ಕ. ಪಟ್ಟಿ ಕೂರಿಸಿ ಒತ್ತಿದ. ನಾನು ಎದ್ದೆ.

ಬಂದ ಗಿರಾಕಿಗಳಿಗೆಲ್ಲ ಆ ಕೆಂಪು ಬ್ರಷ್ ತೋರಿಸಿ ಕಥೆ ಹೇಳುವುದು ಅವನಿಗೆ ಚಟವಾಯಿತು. ಹಾಗೆ ಒಂದು ದಿನ ಮೌಸ್ ಕೊಳ್ಳಲು ಬಂದ ಮುರಿಗೆಪ್ಪನವರಿಗೂ ಹೇಳಿದ. ಅವರು ನನ್ನ ಮುರಿದ ಸೀಳನ್ನು ನೋಡಿದರು, ಗುರುತು ಹಿಡಿದರು.

"ಯಾಕ್ರಿ ಸಾವಕಾರ್ರ, ಇದು ನಿಮಗ ಗೊತ್ತೈತೇನ್ರಿ?"

"ಇದರ ಸಲವಾಗಿ ಒಂದ ಹುಡುಗೀನ ಬಿಡಿಸಿದ್ವಿ."

"ಹಂಗಾದ್ರ ತಿರುಗಿ ಕರೀರಿ."

"ಎಲ್ಲಿಂದ ಕರೀಲಿ. ಲಗ್ನ ಆತು. ಪತ್ರಿಕಿ ನಮ್ಮಲ್ಲೇ ಅಚ್ಚಾತು, ಅವರಣ್ಣ ಬಂದಿದ್ದ. ಛಲೋ ಹಾಳಿ ಹಾಕಿ ಕೊಟ್ಟೆ."

"ಆಕಿಗೆ ಒಂದ ಮಾತರ ಹೇಳ್ರಿ, ನಿನ್ನ ತಪ್ಪಲ್ಲವಾ ಅಂತ."

"ಆಕಿಗೆ ಹೇಳಿದ್ರ ಅವ್ವಗೂ ಹೇಳಬೇಕಾಗತೈತಿ," ಎಂದರು ಮುರಿಗೆಪ್ಪ. ನನ್ನನ್ನು ಮುಟ್ಟಿ ಬೆರಳು ಕಣ್ಣಿಗೊತ್ತಿಕೊಂಡರು. ಮೌಸ್ ತೆಗೆದುಕೊಂಡು ಹೋದರು.

ಈಗ ನಾನು ದಾದಾಪೀರನ ಮೂಲೆಯಲ್ಲಿದ್ದೇನೆ. ಮೈಗೆ ಡಬ್ಬಿಯಿಲ್ಲ. ಬೇರೆಯವರ ಮೆಮೊರಿ ಸತ್ತಿದೆಯೋ ಬದುಕಿದೆಯೋ ಎಂದು ನನ್ನ ಮೇಲೆ ಇಟ್ಟು ನೋಡುತ್ತಾರೆ. ಒಂದೇ ಒತ್ತಿಗೆ ಏಳುತ್ತೇನೆ, ಅದರಿಂದ ಯಾರಿಗೂ ಏನೂ ಆಗುವುದಿಲ್ಲ. ಕಥೆಗಳಲ್ಲಿ ಕಲ್ಲಾದವರು ಸರಿಯಾದ ಹೊತ್ತಿಗೆ ಮಾತಾಡುತ್ತಾರೆ. ಕಥೆ ಹೇಳುವ ಅಜ್ಜಿಗೆ ಕೇಳುವ ಮಗುವಿನ ಮೇಲೆ ಕರುಣೆ ಇರುತ್ತದೆ, ಅದಕ್ಕೆ.

ಮೊನ್ನೆ ಮತ್ತೆ ಆಯುಧಪೂಜೆ ಬಂದು ಹೋಯಿತು. ಮುರಿಗೆಪ್ಪನವರು ಹೊಸ ಯಂತ್ರದ ಬಗಲು ಭದ್ರವಾಗಿ ಮುಚ್ಚಿಸಿ, ಮೇಲೊಂದು ಪ್ಲಾಸ್ಟಿಕ್ ಹೊದಿಸಿ, ಅದರ ಮೇಲೆ ಕುಂಕುಮ ಹಚ್ಚಿದರಂತೆ. ಇದೇನು ಎಂದು ನೀಲಗಂಗವ್ವ ಕೇಳಿದರಂತೆ. "ಧೂಳ ಬೀಳತೈತವಾ," ಎಂದರಂತೆ.