ಅಣ್ಣನ ಪರವಾಗಿ ಒಂದು ಓ

ಆ ಮನೆಯಲ್ಲಿ ಯಾರೂ ಸುಮ್ಮನೆ ಹೊರಟವರಲ್ಲ. ಬಾಗಿಲಿಗೆ ಬೀಗ ಹಾಕುವ ಮೊದಲು, ಬಸ್ಸು ಹತ್ತಿದ ಮೇಲೆ, ಕಡೆಗೆ ಊಟಕ್ಕೆ ಕೂತಾಗ ಕೂಡ ಒಬ್ಬರು ಹೆಸರು ಕೂಗಬೇಕು, ಉಳಿದವರು ‘ಓ’ ಎನ್ನಬೇಕು. ಅಪ್ಪ ಹಾಕಿಕೊಟ್ಟ ರೂಢಿ ಅದು. ಬದುಕಿದ್ದಷ್ಟು ಕಾಲ ಅವರು, ಸಮುದ್ರ ಹಿಂದೆ ಸರಿದ ಹೊತ್ತು ನೋಡಿಕೊಂಡು, ಕೆಸರು ಬಯಲು ದಾಟಿ ದೀಪಸ್ತಂಭದ ದಿಬ್ಬಕ್ಕೆ ದಿನಸಿ ಹೊತ್ತು ಹಾಕುತ್ತಿದ್ದರು. ಮಂಜು ಇಳಿದರೆ ಆ ಬಯಲಲ್ಲಿ ಕಣ್ಣಿಗೆ ಕೆಲಸವಿಲ್ಲ. ಗುರುತಿನ ಗೂಟದಿಂದ ಗೂಟಕ್ಕೆ ನಡೆಯಬೇಕು, ಪ್ರತಿ ಗೂಟದ ಹತ್ತಿರ ನಿಂತು ಹಿಂದಿನವರ ಹೆಸರು ಕೂಗಬೇಕು. ತಪ್ಪಿಸಿಕೊಂಡವರು ಇದ್ದಲ್ಲೇ ನಿಲ್ಲಬೇಕು, ಉಳಿದವರು ಹುಡುಕಿಕೊಂಡು ಬರಬೇಕು. ಮಕ್ಕಳು ಇದನ್ನು ಅಕ್ಷರಕ್ಕಿಂತ ಮೊದಲೇ ಕಲಿತಿದ್ದರು.

ಮಕ್ಕಳು ಈಗ ಮಕ್ಕಳಲ್ಲ. ದೊಡ್ಡಣ್ಣ ದೋಣಿ ರಿಪೇರಿಯ ಅಂಗಳದಲ್ಲಿ ವೆಲ್ಡರ್, ತಲೆ ಅರ್ಧ ನರೆತಿದೆ. ಅಕ್ಕ ಸಿಟಿ ಬಸ್ಸು ಓಡಿಸುತ್ತಾಳೆ. ಗಂಟಲಿನ ದೆಸೆಯಿಂದ ಅವಳಿಗೆ ಹಾರನ್ ಎಂದೇ ಹೆಸರು. ಚಿಕ್ಕಣ್ಣ ಸಣ್ಣವನಿದ್ದಾಗ ಬಾಯಲ್ಲೇ ಗುರ್ರೆನ್ನುತ್ತಾ ಮನೆಯೆಲ್ಲ ಓಡಾಡುತ್ತಿದ್ದ ಎಂದು ಇಂಜಿನ್ ಅಂತ ಕರೆದರೆ, ದೊಡ್ಡವನಾಗಿ ನಿಜಕ್ಕೂ ಹಡಗಿನ ಇಂಜಿನ್ ಕೋಣೆಯನ್ನೇ ಸೇರಿದ. ಕೊನೆಯವಳು ಬೆಕ್ಕು. ನಡೆದರೆ ಸದ್ದಿಲ್ಲ, ಮಾತಾಡಿದರಂತೂ ಇನ್ನೂ ಸದ್ದಿಲ್ಲ. ಲಾಂಡ್ರಿಯ ಹಬೆಯ ನಡುವೆ ಹೋಟೆಲಿನ ಹೊದಿಕೆಗಳನ್ನು ಇಸ್ತ್ರಿ ಮಾಡುವ ಕೆಲಸ ಅವಳದು. ಅಲ್ಲಿ ಯಾರೂ ಅವಳನ್ನು ಮಾತಿಗೆಳೆಯುತ್ತಿರಲಿಲ್ಲ. ಅವಳು ಮಾತ್ರ ಎಲ್ಲರನ್ನೂ ನೋಡುತ್ತಿದ್ದಳು.

ಚಿಕ್ಕಣ್ಣ ಹಡಗು ಹತ್ತಿದ ದಿನ ದೊಡ್ಡಣ್ಣ ಊಟದ ಹೊತ್ತಿಗೆ ಬಾಯಿ ತಪ್ಪಿ “ಇಂಜಿನ್!” ಎಂದು ಕೂಗಿಬಿಟ್ಟಿದ್ದ. ಅಮ್ಮ ಬಡಿಸುತ್ತಿದ್ದ ಕೈ ಗಾಳಿಯಲ್ಲೇ ನಿಂತಿತು. ಆಗ ಬೆಕ್ಕು ಗದ್ದವನ್ನು ಎದೆಗೆ ಒತ್ತಿಕೊಂಡು, ಥೇಟ್ ಚಿಕ್ಕಣ್ಣನ ದಪ್ಪ ದನಿಯಲ್ಲಿ “ಓ” ಎಂದಳು. ಅಮ್ಮ ಸೆರಗಿನಲ್ಲಿ ಕಣ್ಣೊರೆಸಿಕೊಂಡು ನಕ್ಕರು. “ಅಯ್ಯೋ ನಿನ್ನ! ಅವನೇ ಬಂದ ಹಾಗಾಯ್ತಲ್ಲೇ.” ಅಂದಿನಿಂದ ಆ ಓ ಅವಳ ಪಾಲಿಗೆ ಬಂತು. ವರ್ಷಗಳು ಕಳೆದವು. ಮನೆಯಲ್ಲಿ ಅವಳು ಧೈರ್ಯವಾಗಿ ಎತ್ತುತ್ತಿದ್ದ ದನಿ ಅದೊಂದೇ, ಅದೂ ಅವಳದಲ್ಲ.

ಈಗ ಚಿಕ್ಕಣ್ಣ ರಜೆಯ ಮೇಲೆ ಬಂದಿದ್ದ. ನಾಳೆ ಸಂಜೆ ಮತ್ತೆ ಹೊರಡಬೇಕು. ಹಡಗು ಹತ್ತುವ ಮೊದಲು ಕಂಪನಿಯ ಡಾಕ್ಟರು ತಲೆಯಿಂದ ಕಾಲಿನವರೆಗೆ ನೋಡುತ್ತಾರಂತೆ. ಬೆಕ್ಕು ಅವನನ್ನು ಬಂದಾಗಿನಿಂದ ಗಮನಿಸುತ್ತಿದ್ದಳು. ಎಲ್ಲರೂ ನಕ್ಕ ಮೇಲೆ ಅವನು ನಗುತ್ತಿದ್ದ. ಕೇಳಿದ್ದಕ್ಕೆಲ್ಲ “ಹೂಂ ಹೂಂ” ಎನ್ನುತ್ತಿದ್ದ, ಹೂಂ ಸಲ್ಲದ ಕಡೆಯಲ್ಲೂ. ಕೂರುವಾಗ ಎಡಮಗ್ಗುಲನ್ನು ಗೋಡೆಗೆ ಕೊಟ್ಟು, ಮಾತಾಡುವವರ ತುಟಿಯನ್ನೇ ನೋಡುತ್ತಿದ್ದ. ಅವಳಿಗೆ ಅರ್ಥವಾಗಿತ್ತು. ಹೇಳಿದರೆ ಅವನ ಕೆಲಸಕ್ಕೆ ಕಲ್ಲು ಹಾಕಿದಂತೆ ಎಂದು ಬಾಯಿ ಮುಚ್ಚಿಕೊಂಡಿದ್ದಳು.

ಹೊರಡುವ ಮುನ್ನ ಒಮ್ಮೆ ನಾಲ್ವರೂ ದಿಬ್ಬಕ್ಕೆ ಹೋಗಿಬರೋಣ ಎಂದವನು ಚಿಕ್ಕಣ್ಣನೇ. ಮಂಡಿ ನೋವಿನ ಅಮ್ಮ ಮನೆಯಲ್ಲೇ ಉಳಿದರು. ಹೋಗುವಾಗ ಬಿಸಿಲಿತ್ತು. ದೀಪಸ್ತಂಭದ ಮೆಟ್ಟಿಲ ಮೇಲೆ ಕೂತು ಬ್ರೆಡ್ಡು ತಿಂದರು, ಬಿರುಗಾಳಿಯಲ್ಲಿ ಇಂಜಿನ್ ನಿಂತುಹೋದ ಕಥೆಯನ್ನು ಚಿಕ್ಕಣ್ಣ ಕೈಕಾಲು ಆಡಿಸಿ ಹೇಳಿದ, ಅಕ್ಕ ಅದಕ್ಕಿಂತ ದೊಡ್ಡ ಸುಳ್ಳೊಂದನ್ನು ಹೇಳಿ ಗೆದ್ದಳು. ಮಾತಿನಲ್ಲಿ ಹೊತ್ತು ಹೋದದ್ದೇ ತಿಳಿಯಲಿಲ್ಲ. ಅರ್ಧ ದಾರಿ ಹಿಂದಿರುಗುವಷ್ಟರಲ್ಲಿ ಮಂಜು ಇಳಿಯಿತು.

ಮುಂದೆ ಹಗ್ಗದ ಸುರುಳಿ ಹೆಗಲಿಗೇರಿಸಿಕೊಂಡ ದೊಡ್ಡಣ್ಣ, ಅವನ ಹಿಂದೆ ಅಕ್ಕ, ಆಮೇಲೆ ಬೆಕ್ಕು, ಕೊನೆಯಲ್ಲಿ ಚಿಕ್ಕಣ್ಣ.

“ಬಾಲಕ್ಕೆ ಇಂಜಿನ್ ಕಟ್ಟಿದ ರೈಲು ಕಣ್ರೋ ಇದು,” ಎಂದಳು ಅಕ್ಕ.

ಗೂಟದ ಹತ್ತಿರ ದೊಡ್ಡಣ್ಣ ನಿಂತ. “ಹಾರನ್!”

“ಓ!”

“ಬೆಕ್ಕು!” ಸಣ್ಣದೊಂದು ಓ. “ಇಂಜಿನ್!” ಉತ್ತರವಿಲ್ಲ. “ಇಂಜಿನ್!”

“ಹಾಂ, ಓ, ಓ!”

“ಏನು, ಸಾಹೇಬರಿಗೆ ಎರಡೆರಡು ಸಲ ಅರ್ಜಿ ಹಾಕಬೇಕಾ?” ಅಕ್ಕ ಕೆಣಕಿದಳು. “ಕಿವಿಯಲ್ಲಿ ಹತ್ತಿ ಇಟ್ಕೊಂಡಿದೀಯೇನೋ?”

ಚಿಕ್ಕಣ್ಣ ನಕ್ಕ. ಆ ನಗುವಿನಲ್ಲಿ ಇದ್ದ ಅಳುಕು ಬೆಕ್ಕಿಗೆ ಮಾತ್ರ ಕಂಡಿತು.

ಮುಂದಿನ ಗೂಟದಲ್ಲೂ ಹಾಗೇ ಆಯಿತು. ದೊಡ್ಡಣ್ಣ “ಇಂಜಿನ್!” ಎಂದ, ಹಿಂದಿನಿಂದ ಸದ್ದಿಲ್ಲ. ಇನ್ನೊಂದು ಸಲ ಕೂಗಿಸಿಕೊಂಡರೆ ಅಕ್ಕ ಬಿಡುವವಳಲ್ಲ, ಗುಟ್ಟನ್ನು ಕಿತ್ತು ಈಚೆಗೆ ಹಾಕುತ್ತಾಳೆ. ಬೆಕ್ಕಿನ ಗದ್ದ ತಾನಾಗಿ ಎದೆಗೆ ಇಳಿಯಿತು. “ಓ.” ದೊಡ್ಡಣ್ಣ ಮುಂದೆ ನಡೆದ. ಅದರ ಮುಂದಿನ ಗೂಟದಲ್ಲೂ ಅದೇ ಮೌನ, ಅದೇ ಓ. ಕೆಸರಿನ ಮೇಲೆ ಕಾಗದದಷ್ಟು ತೆಳ್ಳಗೆ ನೀರು ಹರಡಲು ಶುರುವಾಗಿತ್ತು. ಸ್ವಲ್ಪ ಹತ್ತಿರ ಬಂದು ನಡಿಯೋ, ಎಂದು ಹೇಳಲು ಅವಳು ಹಿಂದಕ್ಕೆ ಕೈ ಚಾಚಿದಳು.

ಕೈಗೆ ಮಂಜು ಸಿಕ್ಕಿತು.

ನಾಲ್ಕು ಹೆಜ್ಜೆ ಹಿಂದೆ ಹೋದಳು. ಅವಳದೇ ಹೆಜ್ಜೆ ಗುರುತುಗಳಿದ್ದವು, ನೀರು ತುಂಬಿಕೊಂಡು. ಅವುಗಳ ಮೇಲೆ ಬೂಟಿನ ಗುರುತು ಇರಲಿಲ್ಲ. ಕೂಗಲು ಬಾಯಿ ತೆರೆದಳು, ದನಿ ಬರಲಿಲ್ಲ. ಓಡಿಹೋಗಿ ಅಕ್ಕನ ಜಾಕೆಟ್ ಹಿಡಿದೆಳೆದಳು.

“ಚಿಕ್ಕಣ್ಣ ಇಲ್ಲ.”

“ಇಲ್ಲ ಅಂದ್ರೆ? ಈಗ ತಾನೇ ಓ ಅಂದ.”

“ಅವನಲ್ಲ ಅಂದಿದ್ದು.”

“ಮತ್ತೆ ಯಾರು, ದೆವ್ವಾನಾ?”

“ನಾನು.”

ಅಕ್ಕನಿಗೆ ಒಂದು ಕ್ಷಣ ಅರ್ಥವಾಗಲಿಲ್ಲ. ಅರ್ಥವಾದಾಗ ಅವಳ ಮುಖದಲ್ಲಿ ರಕ್ತವಿರಲಿಲ್ಲ. ದೊಡ್ಡಣ್ಣ ಹಿಂದಿರುಗಿ ಬಂದ.

“ಈ ಗೂಟದಲ್ಲಾ?”

“ಹಿಂದಿನದರಲ್ಲೂ.”

ದೊಡ್ಡಣ್ಣ ಕಾಲ ಬಳಿಯ ನೀರನ್ನು ನೋಡಿದ. ಈ ಬಯಲಿಗೆ ಸಮುದ್ರ ಎದುರಿನಿಂದ ಬರುವುದಿಲ್ಲ, ಪಕ್ಕದ ಕಾಲುವೆಗಳಿಂದ ಸದ್ದಿಲ್ಲದೆ ಬಂದು ಹಿಂದಿನಿಂದ ಸುತ್ತುತ್ತದೆ. “ನೀವಿಬ್ಬರೂ ದಂಡೆಗೆ ಹೋಗಿ. ನಾನು ನೋಡ್ತೀನಿ.”

“ಹೂಂ, ನೀನೂ ಕಳೆದುಹೋಗು, ನಾನೊಬ್ಬಳು ಹೋಗಿ ಅಮ್ಮನ ಮುಂದೆ ನಿಲ್ತೀನಿ,” ಎಂದಳು ಅಕ್ಕ. “ನಡಿ ಸುಮ್ನೆ.”

ಮೂವರೂ ಹಿಂದಕ್ಕೆ ನಡೆದರು. ಒಂದು ಗೂಟ ಸಿಕ್ಕಿತು, ಇನ್ನೊಂದು ಸಿಕ್ಕಿತು. ನೀರು ಪಾದ ಮುಚ್ಚಿತು. ಆಗ ಎಲ್ಲಿಂದಲೋ, ತೆಳ್ಳಗೆ, “ದೊಡ್ಡಣ್ಣಾ…”

“ಓ! ಇಲ್ಲಿದೀವೋ! ಈ ಕಡೆ ಬಾ!” ಅಕ್ಕ ಇಡೀ ಬಯಲಿಗೆ ಕೇಳುವಂತೆ ಕೂಗಿದಳು.

ಸ್ವಲ್ಪ ಹೊತ್ತು ಬಿಟ್ಟು, “ಹಾರನ್…”

“ಓ! ಓ ಅಂದ್ನಲ್ಲೋ!”

“ಬೆಕ್ಕೂ…”

ಅವನು ಹೆಸರು ಕೂಗುತ್ತಿದ್ದ, ಅಪ್ಪ ಕಲಿಸಿದ ಹಾಗೆ, ಒಬ್ಬೊಬ್ಬರದಾಗಿ. ಯಾರ ಓ ಕೂಡ ಅವನಿಗೆ ಮುಟ್ಟುತ್ತಿರಲಿಲ್ಲ. ಮತ್ತೆ ಮೊದಲಿನಿಂದ, “ದೊಡ್ಡಣ್ಣಾ…” ಮಂಜಿನಲ್ಲಿ ಆ ದನಿ ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ಕೇಳುತ್ತಿತ್ತು.

“ಇಷ್ಟು ಅರಚಿಕೊಂಡರೂ! ಇವನಿಗೇನು ಕಿವುಡಾ?” ಅಕ್ಕ ಹಣೆ ಚಚ್ಚಿಕೊಂಡಳು.

“ಹೌದು,” ಎಂದಳು ಬೆಕ್ಕು.

ಇಬ್ಬರೂ ಅವಳತ್ತ ತಿರುಗಿದರು.

“ಎಡಗಿವಿ ಪೂರ್ತಿ ಹೋಗಿದೆ. ಬಲಗಿವಿಗೂ ಹತ್ತಿರ ಇದ್ರೆ ಮಾತ್ರ. ನಾವು ಕೂಗಿ ಪ್ರಯೋಜನ ಇಲ್ಲ. ನಾವು ಬರೋವರೆಗೂ ಅವನು ಅಲ್ಲಿಂದ ಕದಲೋದೂ ಇಲ್ಲ.”

“ನಿನಗೆ ಹೇಗೆ ಗೊತ್ತು? ಗೊತ್ತಿದ್ದೂ ಯಾಕೆ…”

“ಸುಮ್ನಿರಿ ಇಬ್ಬರೂ!” ಅವಳ ದನಿ ಅವಳಿಗೇ ಹೊಸದಾಗಿತ್ತು. “ಅವನು ಕೂಗೋದು ಕೇಳಿಸ್ಕೋಬೇಕು.”

ಹಾರನ್ ಬಾಯಿ ಮುಚ್ಚಿತು. ದೊಡ್ಡಣ್ಣ ಹಗ್ಗದ ಒಂದು ತುದಿಯನ್ನು ಗೂಟಕ್ಕೆ ಬಿಗಿದು, ಇನ್ನೊಂದನ್ನು ತನ್ನ ಸೊಂಟಕ್ಕೆ ಕಟ್ಟಿಕೊಳ್ಳಲು ಹೋದ. ಬೆಕ್ಕು ಅದನ್ನು ಅವನ ಕೈಯಿಂದ ತೆಗೆದುಕೊಂಡಳು. ಅವನ ತೂಕಕ್ಕೆ ಈ ಕೆಸರು ಮೊಣಕಾಲಿನವರೆಗೆ ಬಾಯಿ ಬಿಡುತ್ತದೆ, ಅವಳಾದರೆ ಹಗುರ. ಅವನಿಗೂ ಅದು ತಿಳಿಯಿತು. ಗಂಟನ್ನು ತಾನೇ ಹಾಕಿ, ಎರಡು ಸಲ ಎಳೆದು ನೋಡಿದ.

ಚಿಕ್ಕಣ್ಣ ಕೂಗಿದಾಗ ಅವಳು ನಡೆದಳು. ಕೂಗು ನಿಂತಾಗ ನಿಂತಳು. ಹಿಂದಿನ ಗೂಟ, ಅಣ್ಣ, ಅಕ್ಕ ಎಲ್ಲ ಅಳಿಸಿಹೋಗಿ ಬಿಳಿ ಮಾತ್ರ ಉಳಿಯಿತು. ನೀರು ಮೀನಖಂಡಕ್ಕೆ ಬಂತು. “ಹಾರನ್…” ಈಗ ಹತ್ತಿರ. ನಿಂತಳು. “ಬೆಕ್ಕೂ…” ನಡೆದಳು. ಆಮೇಲೆ ಸದ್ದೇ ಇಲ್ಲ. ಕಾದಳು. ನೀರು ಮೊಣಕಾಲು ಮುಟ್ಟಿತು. ಕೂಗೋ, ನನ್ನಪ್ಪಾ, ಇನ್ನೊಂದು ಸಲ ಕೂಗೋ. ಅಂದಾಜಿನಲ್ಲಿ ಎರಡು ಹೆಜ್ಜೆ ಇಟ್ಟಳು. ಸೊಂಟ ಹಿಂದಕ್ಕೆ ಜಗ್ಗಿತು. ಹಗ್ಗ ಮುಗಿದಿತ್ತು.

ಎದುರಿಗೆ, ಮಂಜಿಗಿಂತ ಒಂದಿಷ್ಟು ಕಪ್ಪಾಗಿ, ಏನೋ ನಿಂತಿತ್ತು.

“ಚಿಕ್ಕಣ್ಣಾ!” ಎಂದು ಚೀರಿದಳು. ಆ ಆಕಾರ ತಿರುಗಿತು, ಆದರೆ ಆಚೆ ಕಡೆಗೆ. ದನಿ ಬಂದದ್ದು ಎತ್ತಲಿಂದ ಎಂಬುದೇ ಅವನಿಗೆ ತಿಳಿಯುತ್ತಿಲ್ಲ. ಅವನು ಅವಳಿಂದ ದೂರಕ್ಕೆ, ಕಾಲುವೆಯ ಕಡೆಗೆ ಒಂದು ಹೆಜ್ಜೆ ಇಟ್ಟ.

ಗಂಟು ನೆನೆದು ಬಿಗಿದಿತ್ತು. ಹಲ್ಲು ಹಾಕಿದಳು. ಬಿಚ್ಚಿಕೊಂಡಿದ್ದೇ ತಡ ನೀರನ್ನು ಒದ್ದುಕೊಂಡು ಓಡಿ, ಅವನ ತೋಳನ್ನು ಎರಡೂ ಕೈಯಲ್ಲಿ ಹಿಡಿದಳು. ಅವನು ಬೆಚ್ಚಿ ಕೂಗಿಕೊಂಡ. ಅವಳ ಮುಖ ಕಂಡ ಮೇಲೆ ಕೆಳದುಟಿ ಅದುರಿತು. ಒಂದು ಕಾಲಲ್ಲಿ ಬೂಟಿರಲಿಲ್ಲ.

“ಕೆಸರು ನುಂಗಿಬಿಡ್ತು ಕಣೇ ಬೂಟನ್ನ. ಎಳೆದು ತಲೆ ಎತ್ತಿದ್ರೆ ನೀವಿಲ್ಲ.”

ಉತ್ತರಿಸಲು ಸಮಯವಿರಲಿಲ್ಲ. ಅವಳು ತಿರುಗಿ ನೋಡಿದರೆ ಹಳದಿ ಹಗ್ಗದ ತುದಿ ನೀರಿನ ಮೇಲೆ ಹಾವಿನಂತೆ ಸರಿದುಹೋಗುತ್ತಿತ್ತು. ಆ ತುದಿಯಲ್ಲಿ ಭಾರ ಇಲ್ಲದ್ದು ದೊಡ್ಡಣ್ಣನ ಕೈಗೆ ಗೊತ್ತಾಗಿತ್ತು. ತಂಗಿಯೂ ಹೋದಳೆಂದು ಗಾಬರಿಯಲ್ಲಿ ಎಳೆದುಕೊಳ್ಳುತ್ತಿದ್ದ. ಅದು ಕಣ್ಮರೆಯಾದರೆ ದಾರಿಯೇ ಇಲ್ಲ. “ಅದರ ಹಿಂದೆ!” ಅವಳು ಕೈ ತೋರಿಸಿದಳು. ಇಬ್ಬರೂ ಬಿದ್ದೆದ್ದು ಆ ಹಳದಿಯ ಬೆನ್ನು ಹತ್ತಿದರು. ಸಿಕ್ಕಿತು ಎನ್ನುವಷ್ಟರಲ್ಲಿ ಜಾರುತ್ತಿತ್ತು. ಒಮ್ಮೆ ಕಾಣದಾಯಿತು, ಮತ್ತೆ ಕಂಡಿತು. ನೀರು ತೊಡೆಗೆ ಬಂದಿತ್ತು. ಕಡೆಗೆ ಬಿಳಿಯೊಳಗಿಂದ ಗೂಟ ಕಾಣಿಸಿತು, ಅದನ್ನು ಅಪ್ಪಿ ನಿಂತ ಅಕ್ಕ, ಖಾಲಿ ತುದಿಯನ್ನು ಕೈಯಲ್ಲಿ ಹಿಡಿದು ನೋಡುತ್ತಿದ್ದ ದೊಡ್ಡಣ್ಣ.

ಅಕ್ಕ ಚಿಕ್ಕಣ್ಣನ ಬೆನ್ನಿಗೆ ಎರಡು ಗುದ್ದಿದಳು. ಅಳು ನಿಲ್ಲದೆ ಮತ್ತೂ ಒಂದು ಗುದ್ದಿದಳು. ಅಲ್ಲಿಂದ ದಂಡೆಯವರೆಗೆ ಒಬ್ಬರನ್ನೊಬ್ಬರು ಹಿಡಿದುಕೊಂಡೇ ನಡೆದರು. ಗೂಟಗಳು ಬಂದವು, ಹೋದವು; ದೊಡ್ಡಣ್ಣ ಯಾರ ಹೆಸರನ್ನೂ ಕೂಗಲಿಲ್ಲ.

ದಂಡೆಯ ಕಲ್ಲುಗಳ ಮೇಲೆ ಕುಸಿದು ಕೂತ ಮೇಲೆ ದೊಡ್ಡಣ್ಣ ರಸ್ತೆಯಲ್ಲಿ ಬಿಟ್ಟುಬಂದಿದ್ದ ವ್ಯಾನ್ ತರಲು ಮೇಲೆ ಹೋದ, ಅಕ್ಕ ಅವನ ಹಿಂದೆ ಹೋದಳು. ಚಿಕ್ಕಣ್ಣ ಉಳಿದೊಂದು ಬೂಟನ್ನು ಕಳಚಿ ನೀರು ಸುರಿದ. ಅವನ ಮುಖದಲ್ಲಿ ಚಳಿಯ ಜೊತೆ ಒಂದು ಬಗೆಯ ಸಂತೋಷವಿತ್ತು.

“ಒಂದು ಮಾತು ಹೇಳ್ಲಾ? ಹಡಗಿನಲ್ಲಿ ಮಲಗಿದಾಗೆಲ್ಲ ಅನ್ಸೋದು, ಇವರಿಗೆ ನಾನಿಲ್ಲದೇ ರೂಢಿಯಾಗಿಹೋಗಿರತ್ತೆ ಅಂತ. ಇವತ್ತು ನೋಡು, ನಾನಿಲ್ಲದ್ದು ತಕ್ಷಣ ಗೊತ್ತಾಯ್ತಲ್ಲ ನಿಮಗೆ. ತಕ್ಷಣ ಬಂದ್ರಿ.”

ಹೂಂ ಎಂದುಬಿಡಬಹುದಿತ್ತು. ದೊಡ್ಡಣ್ಣ ಹೇಳುವವನಲ್ಲ, ಅಕ್ಕ ಕೂಡ ಇವತ್ತು ಹೇಳಲಾರಳು. ನಾಳೆ ಅವನು ಆ ಸಂತೋಷವನ್ನು ಗಂಟು ಕಟ್ಟಿಕೊಂಡು ಹೋಗುತ್ತಿದ್ದ. ಬೆಕ್ಕು ಎದ್ದು ಅವನ ಬಲಗಡೆಗೆ ಬಂದು, ಬಾಯಿ ಕಿವಿಗೆ ಹತ್ತಿರ ತಂದಳು.

“ತಕ್ಷಣ ಗೊತ್ತಾಗ್ಲಿಲ್ಲ. ನಿನ್ನ ಓ ನಾನು ಹೇಳಿದೆ. ಎರಡು ಗೂಟದಲ್ಲಿ. ನಿನಗೆ ಕೇಳಿಸ್ಲಿಲ್ಲ ಅಂದ್ಕೊಂಡೆ, ಮುಚ್ಚಿಹಾಕೋಣ ಅಂತ ಹೇಳಿದೆ. ಬಾಯಿಗೆ ಅಭ್ಯಾಸವೂ ಆಗಿತ್ತು. ನೀನು ಹೋದಾಗಿಂದ ನಾನೇ ಹೇಳ್ತಿರೋದು. ಅಮ್ಮಂಗೆ ಖುಷಿಯಾಗ್ಲಿ ಅಂತ.”

ಅವನ ಮುಖದ ಸಂತೋಷ ಸ್ವಲ್ಪ ಸ್ವಲ್ಪವಾಗಿ ಆರಿತು. ಖಾಲಿಯಾದ ಬೂಟನ್ನು ಮತ್ತೊಮ್ಮೆ ಬೋರಲು ಹಾಕಿದ. ಗೂಟಗಳ ತುದಿ ಮಾತ್ರ ಈಗ ನೀರಿನ ಮೇಲಿತ್ತು.

“ಇನ್ನು ಹೇಳ್ಬೇಡ,” ಎಂದ. “ನಾನಿಲ್ಲ ಅಂದ್ರೆ ಇಲ್ಲ ಅನ್ನಿ. ಅಮ್ಮ ಅತ್ರೆ ಅಳ್ಲಿ. ಇಲ್ಲ ಅಂತ ಗೊತ್ತಿದ್ರೆ ತಾನೇ ಹುಡುಕೋದು?”

ಅವಳಿಗೆ ಕಣ್ಣು ತುಂಬಿತು. ಆದರೂ ಬಿಡಲಿಲ್ಲ. “ಹಾಗಾದ್ರೆ ನೀನೂ ಕೇಳಿಸ್ಲಿಲ್ಲ ಅಂದ್ರೆ ಕೇಳಿಸ್ಲಿಲ್ಲ ಅನ್ನು. ಸುಮ್ಮಸುಮ್ನೆ ಹೂಂ ಅನ್ಬೇಡ.”

“ಅಂದ್ರೆ ಹಡಗು ಹೋಗತ್ತೆ ಕಣೇ. ಡಾಕ್ಟರು ಒಂದೇ ಸಲಕ್ಕೆ ಹೊರಗೆ ಹಾಕ್ತಾರೆ.”

“ಹೋಗ್ಲಿ.”

“ಹೇಳೋದು ಸುಲಭ,” ಎಂದ ಅವನು. ಸಿಟ್ಟಿತ್ತು ಮಾತಿನಲ್ಲಿ. ಅವಳು ಹಿಂದೆ ಸರಿಯಲಿಲ್ಲ.

ಮೇಲೆ ವ್ಯಾನ್ ಬಂದು ನಿಂತಿತು. ದೊಡ್ಡಣ್ಣ ಕಿಟಕಿಯಿಂದ ತಲೆ ಹೊರಹಾಕಿ ಏನೋ ಕೂಗಿದ. ಬೆಕ್ಕಿಗೆ ಸ್ಪಷ್ಟವಾಗಿ ಕೇಳಿಸಿತು. ಚಿಕ್ಕಣ್ಣ ಎಂದಿನಂತೆ ತಲೆ ಆಡಿಸಲು ಹೊರಟು, ಅವಳ ಮುಖ ನೋಡಿದ. ಅವಳು ಬಾಯಿ ಬಿಡಲಿಲ್ಲ.

ಅವನು ಒಂದು ಕೈಯಲ್ಲಿ ಬೂಟು ಹಿಡಿದು ಕಲ್ಲುಗಳ ಮೇಲೆ ಎದ್ದು ನಿಂತ.

“ಏನಂದೆ?” ಎಂದು ಮೇಲಕ್ಕೆ ಕೂಗಿದ. “ಕೇಳಿಸ್ಲಿಲ್ಲ ದೊಡ್ಡಣ್ಣ. ನಂಗೆ ಕೇಳಿಸಲ್ಲ.”