ಹನ್ನೊಂದು ಗುಂಡುಪಿನ್ನು

ಮಸಿ ಒಂದು ಚಿತ್ರಕಾದಂಬರಿ ಮುಗಿಸಿದಳೆಂದರೆ ಅದನ್ನು ಮೊದಲು ಓದುವ ಹಕ್ಕು ಸೂಜಿಯದು. ಮಸಿ ಅಂಗಡಿಗಳಿಗೆ ಬೋರ್ಡು ಬರೆಯುವವಳು, ಸೂಜಿ ಟೈಲರು. ಶಾಲೆಯ ಒಂದೇ ಬೆಂಚಿನಲ್ಲಿ ಕೂತ ದಿನಗಳಲ್ಲಿ ಒಬ್ಬರಿಗೊಬ್ಬರು ಇಟ್ಟುಕೊಂಡ ಹೆಸರುಗಳಲ್ಲ ಇವು. ಕಸುಬು ಹಿಡಿದ ಮೇಲೆ ಬಂದವು. ತಲೆ ನರೆತರೂ ಉಳಿದವು.

ಓದಿ ತಪ್ಪು ಹೇಳುವುದಕ್ಕೆ ಸೂಜಿಗೆ ದೊಡ್ಡ ಮಾತು ಬರುತ್ತಿರಲಿಲ್ಲ. ಹೊಲಿದ ಬಟ್ಟೆ ತೊಡಿಸಿ ನೋಡುವಾಗ ಮಾಡುವ ಹಾಗೆಯೇ, ಕಥೆ ಎಲ್ಲಿ ಜೋಲುಬಿದ್ದಿದೆಯೋ, ಎಲ್ಲಿ ಬಿಗಿಯಾಗಿದೆಯೋ, ಆ ಹಾಳೆಯ ಅಂಚಿಗೆ ಒಂದು ಗುಂಡುಪಿನ್ನು ಚುಚ್ಚಿ ಕೊಡುತ್ತಿದ್ದಳು. ಮಸಿ ಅಂಚಿನ ಮೇಲೆ ಬೆರಳಾಡಿಸಿ ಎಣಿಸುವಳು. "ಇಪ್ಪತ್ತಾರಾ? ನಾನೇನು ಕಥೆ ಬರ್ದಿದೀನೋ, ಮುಳ್ಳುಹಂದಿ ಸಾಕಿದೀನೋ?" ಎಂದು ರೇಗುವಳು. ಒಂದು ವಾರ ಮಾತು ಬಿಡುವಳು. ಆಮೇಲೆ ಆ ಹಾಳೆಗಳನ್ನೆಲ್ಲ ಹೊಸದಾಗಿ ಬರೆದು, ಏನೂ ಆಗದವಳಂತೆ ಅಂಗಡಿಗೆ ತರುವಳು. ಮೂರು ಪುಸ್ತಕ ಹೀಗೇ ಆದವು.

ನಾಲ್ಕನೆಯದು ಮಸಿಯ ತಾಯಿಯ ಕಥೆ. ಅದನ್ನು ಮಸಿ ಕಾಯಿಲೆ ಬಿದ್ದು ಹಾಸಿಗೆಯಲ್ಲಿ ಒರಗಿಕೊಂಡು, ತೊಡೆಯ ಮೇಲೆ ಹಲಗೆಯಿಟ್ಟು ಬರೆದಳು. ಹಾಳೆಗಳ ಕಟ್ಟು ಹಿಡಿದು ಹೊರಟ ಸೂಜಿಯನ್ನು ಮಸಿಯ ಮಗಳು ಮೆಟ್ಟಿಲಿನಲ್ಲಿ ತಡೆದಳು.

"ಆಂಟಿ, ಡಾಕ್ಟ್ರು ಎರಡು ತಿಂಗಳು ಅಂದ್ರು. ಅಮ್ಮಂಗೆ ಹೇಳಿಲ್ಲ. ನೀವೂ ಬಾಯಿ ಬಿಡಬೇಡಿ."

ಸೂಜಿ ಹೊಲಿಗೆ ಮಷಿನ್ನಿನ ಮೇಲೇ ಹಾಳೆ ಹರಡಿಕೊಂಡು ಓದಿದಳು. ಮೊದಲ ಮೂವತ್ತು ಪುಟಕ್ಕೆ ಜೀವವಿತ್ತು. ಆಸ್ಪತ್ರೆಯಲ್ಲಿ ನೆಲ ಒರೆಸುತ್ತಿದ್ದ ತಾಯಿ, ಒದ್ದೆ ನೆಲದ ಮೇಲೆ ಬೂಟು ಊರಿದ ದೊಡ್ಡ ಡಾಕ್ಟರನ್ನು ಗದರಿ ವಾಪಸು ಕಳಿಸುವ ಪುಟಕ್ಕೆ ಸೂಜಿ ಒಬ್ಬಳೇ ನಕ್ಕಳು. ಅಲ್ಲಿಂದ ಮುಂದೆ ಗೆರೆ ನಡುಗಿತ್ತು. ಒಂದು ಚೌಕದಲ್ಲಿದ್ದ ತಾಯಿಯ ಮುಖ ಪಕ್ಕದ ಚೌಕದಲ್ಲಿ ಬೇರೆ ಯಾರದೋ ಆಗಿತ್ತು. ಕೈ ಸಾಗದ ಕಡೆಯೆಲ್ಲ ಮಾತು ತುರುಕಿದ್ದಳು. ಚಿತ್ರ ಹೇಳಬೇಕಾದ್ದನ್ನು ಮಾತೇ ಒದರುತ್ತಿತ್ತು. ಸೂಜಿಯ ಕೈ ತನ್ನಷ್ಟಕ್ಕೆ ತಾನು ಪಿನ್ನು ಚುಚ್ಚುತ್ತ ಹೋಯಿತು. ಹನ್ನೊಂದಾದವು.

ಹನ್ನೊಂದು ಹಾಳೆ, ಎರಡು ತಿಂಗಳು, ಮಸಿಯ ಆ ನಡುಗುವ ಕೈ. ಅವಳು ಒಂದೊಂದೇ ಪಿನ್ನು ಕಿತ್ತು ಡಬ್ಬಿಗೆ ಹಾಕಿದಳು.

"ಚೆನ್ನಾಗಿದೆ ಕಣೇ," ಎಂದು ಮರುದಿನ ಕಟ್ಟು ಕೊಟ್ಟಳು. "ಈ ಸಲ ಬೆರಳಿಡೋ ಹಾಗಿಲ್ಲ."

ಮಸಿಯ ಬೆರಳು ಅಭ್ಯಾಸದಂತೆ ಅಂಚಿನ ಮೇಲೆ ಹರಿಯಿತು. ಮೇಲಿನಿಂದ ಕೆಳಗೆ, ಮತ್ತೊಮ್ಮೆ ಕೆಳಗಿನಿಂದ ಮೇಲೆ. ಮುಖ ಬಾಡಿತು.

"ಎಷ್ಟು ದಿನ ಅಂದ್ರಂತೆ?"

"ಏನು ಎಷ್ಟು ದಿನ?"

"ನಾಟಕ ಆಡಬೇಡ. ಇಷ್ಟು ವರ್ಷದಲ್ಲಿ ನೀನು ನನ್ನ ಸುಮ್ನೆ ಬಿಟ್ಟಿದ್ದುಂಟಾ?"

ಮಸಿ ಹಾಳೆಯೊಂದನ್ನು ಕಿಟಕಿಯ ಬೆಳಕಿಗೆ ಹಿಡಿದಳು. ಅಂಚಿನಲ್ಲಿ ಜೋಡಿ ತೂತು. ಇನ್ನೊಂದು ಹಿಡಿದಳು, ಅದರಲ್ಲೂ.

"ಚುಚ್ಚಿ ಕಿತ್ತಿದೀಯ. ಪಾಪ ಅನ್ನಿಸ್ತಾ? ನಮ್ಮಮ್ಮನ್ನ ಹೀಗೆ ಸೊಟ್ಟ ಮುಖದಲ್ಲಿ ನಿಲ್ಲಿಸಿ ಹೋಗು ಅಂತೀಯಾ?"

"ಎರಡು ತಿಂಗಳಂತೆ," ಎಂದಳು ಸೂಜಿ.

ಮಸಿ ಕಟ್ಟನ್ನು ಸೂಜಿಯ ಕಡೆ ತಳ್ಳಿದಳು. "ಹಾಕು ಪಿನ್ನು. ಇದ್ದಲ್ಲೇ ಹಾಕು."

ಎರಡು ತಿಂಗಳು ಎಂದಿದ್ದು ಐದು ವಾರಕ್ಕೇ ಮುಗಿಯಿತು. ಅಷ್ಟರಲ್ಲಿ ಮೂರು ಹಾಳೆ ಹೊಸದಾಗಿ ಬಂದವು. ಆ ಮೂರರಲ್ಲೂ ತಾಯಿ ತಾಯಿಯೇ. ನಾಲ್ಕನೆಯದರಲ್ಲಿ ಮುಖದ ದುಂಡು, ಒಂದು ಕಣ್ಣು, ಅಷ್ಟೇ.

ಆಮೇಲೊಂದು ಮಧ್ಯಾಹ್ನ ಮಗಳು ಕಟ್ಟು ಹಿಡಿದು ಅಂಗಡಿಗೆ ಬಂದಳು.

"ಆಂಟಿ, ಈ ಎಂಟು ಪಿನ್ನು ತೆಗೀಲಾ? ಹಾಳೆಗೆ ತುಕ್ಕು ಹಿಡಿಯುತ್ತೆ."

ಸೂಜಿ ಕಟ್ಟನ್ನು ಮಡಿಲಿಗೆ ಎಳೆದುಕೊಂಡಳು.

"ಬೇಡಮ್ಮ," ಎಂದಳು. "ಒಂದ್ಸಲ ತೆಗೆದು ಬೈಸ್ಕೊಂಡಿದೀನಿ."