ಈಜುಕೊಳದಲ್ಲಿ ಡ್ರಿಲ್ ಮೇಷ್ಟ್ರು

ಡ್ರಿಲ್ ಮೇಷ್ಟ್ರಿಗೆ ನಿವೃತ್ತಿಯಾದದ್ದು ಶಾಲೆಯಿಂದ ಮಾತ್ರ. ಕೊರಳಿನ ಸೀಟಿ ಹಾಗೇ ಉಳಿದಿತ್ತು, ಕಂಡಕಂಡವರನ್ನು ಸಾಲಾಗಿ ನಿಲ್ಲಿಸಿ ಕುಣಿಸುವ ಚಪಲವೂ ಉಳಿದಿತ್ತು. ಗಂಡ ಹೆಂಡತಿ ಇಬ್ಬರಿಗೂ ಮಂಡಿ ಸವೆದಿದೆ ಎಂದು ಎಕ್ಸ್‌ರೇ ನೋಡಿದ ಡಾಕ್ಟರು ಹೇಳಿದ್ದರು. ಸುಮ್ಮನೆ ಕೂತರೆ ಕೀಲು ಬಿಗಿಯುತ್ತದೆ, ಓಡಿ ಜಿಗಿದರೆ ನೋವು ಕೆರಳುತ್ತದೆ. ಮಂಡಿಗೆ ಪೆಟ್ಟು ಬೀಳದ ಹಾಗೆ ಸೈಕಲ್ ತುಳಿಯಿರಿ, ಇಲ್ಲವೇ ನೀರಿನಲ್ಲಿ ನಡೆಯಿರಿ ಎಂದಿದ್ದರು. ಮೇಷ್ಟ್ರು ಡಾಕ್ಟರ ಮುಖದೆದುರೇ ಮೂಗು ಮುರಿದರು.

"ನೀರಲ್ಲಿ ನಡೆಯೋದಾ? ಎಮ್ಮೆ ಮಾಡೋ ಕೆಲಸ ಅದು!"

ಹೆಂಡತಿ ಎಮ್ಮೆ ಅನ್ನಿಸಿಕೊಂಡೇ ಈಜುಕೊಳದಲ್ಲಿ ನಡೆಯುವ ತರಗತಿಗೆ ಸೇರಿದಳು. ಅವರ ಮನೆಯಿದ್ದದ್ದು ಲಿಫ್ಟಿಲ್ಲದ ಕಟ್ಟಡದ ಮೂರನೇ ಮಹಡಿಯಲ್ಲಿ. ಕೊಳಕ್ಕೆ ಹೋಗುವ ಮೊದಲು ಅವಳು ಬೀದಿ ನೋಡುತ್ತಿದ್ದದ್ದು ಕಿಟಕಿಯಿಂದಲೇ. ಎದೆಮಟ್ಟದ ನೀರಿನಲ್ಲಿ ದಿನಾ ನಿಧಾನವಾಗಿ ನಡೆದು ನಡೆದು ಚಳಿಗಾಲ ಕಳೆಯುವಷ್ಟರಲ್ಲಿ ತಾನೇ ಇಳಿದು, ತರಕಾರಿ ಕೊಂಡು, ತಾನೇ ಹತ್ತಿ ಬರುವಂತಾಗಿದ್ದಳು. ಆ ತರಗತಿ ತಪ್ಪಿದರೆ ಮತ್ತೆ ಕಿಟಕಿಯೇ ಗತಿ ಎಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು.

ಇತ್ತ ಮೇಷ್ಟ್ರು ಬೆಳಗಾದರೆ ಮೆಟ್ಟಿಲ ಮೇಲೆ ಓಡುತ್ತಿದ್ದರು. ನೋವೆಂದರೆ ಸೋಮಾರಿತನ ಎನ್ನುವುದು ಅವರ ಮಹಾ ಸಿದ್ಧಾಂತ. ಓಡಿ ಬಂದು ಬಚ್ಚಲ ಬಾಗಿಲು ಹಾಕಿಕೊಂಡು ಮಂಡಿಗೆ ಮುಲಾಮು ತಿಕ್ಕುವುದು, ಹೊರಗೆ ಬಂದು ಎದೆಯುಬ್ಬಿಸಿ ನಿಲ್ಲುವುದು. ಮನೆಯೆಲ್ಲ ಘಮ್ಮೆನ್ನುತ್ತಿದ್ದ ಮುಲಾಮಿನ ವಾಸನೆ ಎಲ್ಲಿಂದ ಬಂತೆಂದರೆ, "ನಿಂದೇ ಇರ್ಬೇಕು" ಎನ್ನುವರು. ಅಬ್ಬಾ, ಎಂಥ ಜಂಬ! ಹೆಂಡತಿಗೆ ಮೈಯೆಲ್ಲ ಉರಿಯುತ್ತಿತ್ತು.

ಒಂದು ದಿನ ಈ ಎಮ್ಮೆಗಳನ್ನು ಕಣ್ಣಾರೆ ನೋಡೋಣವೆಂದು ಚಡ್ಡಿ ಏರಿಸಿಕೊಂಡು ಅವಳ ಹಿಂದೆಯೇ ಹೊರಟರು. ಕಲಿಸುವ ಹುಡುಗಿ ಇನ್ನೂ ಬಂದಿರಲಿಲ್ಲ. ಹೆಂಗಸರು ನೀರಿಗಿಳಿದು ಹರಟೆ ಹೊಡೆಯುತ್ತಾ ನಡೆಯುತ್ತಿದ್ದರು. ಮೇಷ್ಟ್ರು ಸೀಟಿ ಊದಿದರು.

ಊದಿದ್ದೇ ತಡ, ಐವತ್ತು ದಾಟಿದ ಆ ಹೆಂಗಸರೆಲ್ಲ ಸೊಂಟಕ್ಕೆ ಕೈಯಿಟ್ಟು ಸೆಟೆದು ನಿಂತರು! ಅವರಲ್ಲಿ ಅರ್ಧಕ್ಕರ್ಧ ಮಂದಿ ಇವರ ಕೈಕೆಳಗೇ ಡ್ರಿಲ್ ಮಾಡಿ ಬೆಳೆದವರು, ಮಿಕ್ಕವರು ಅವರನ್ನು ನೋಡಿ ನಿಂತವರು. ಬ್ಯಾಂಕಿನಲ್ಲಿ ಮ್ಯಾನೇಜರಾಗಿದ್ದವಳು, ಮೊಮ್ಮಕ್ಕಳನ್ನು ಗದರಿಸಿ ನಡುಗಿಸುವವಳು, ಎಲ್ಲರೂ ಐದನೇ ಕ್ಲಾಸಿನ ಹುಡುಗಿಯರಾಗಿಬಿಟ್ಟರು. ಬುದ್ಧಿ ಬೇಡವೇ ಇವರಿಗೆ?

"ಏನಿದು, ಮದುವೆ ಹೆಣ್ಣಿನ ನಡಿಗೆ? ಜಿಗೀರಿ! ಇನ್ನೂ ಮೇಲೆ!"

"ರೀ, ಬೇಡ, ಸುಮ್ನಿರಿ," ಎಂದು ಹೆಂಡತಿ ಕೂಗಿದಳು. ಯಾರು ಕೇಳಬೇಕು? ಹೇಗೆ ಜಿಗಿಯಬೇಕೆಂದು ತೋರಿಸಲು ಮೇಷ್ಟ್ರೇ ದಡದಿಂದ ನೀರಿಗೆ ದೊಪ್ಪನೆ ಹಾರಿದರು. ಕಾಲು ಕೊಳದ ತಳಕ್ಕೆ ತಾಗಿದ್ದೇ ಮುಖ ಸುಣ್ಣದಂತಾಯಿತು. ಆದರೂ ಸೀಟಿ ನಿಲ್ಲಲಿಲ್ಲ, ಹೆಂಗಸರು ಜಿಗಿಯುವುದೂ ನಿಲ್ಲಲಿಲ್ಲ.

ಕಲಿಸುವ ಹುಡುಗಿ ಬರುವಷ್ಟರಲ್ಲಿ ಮ್ಯಾನೇಜರಮ್ಮ ಬೆಂಚಿನ ಮೇಲೆ ಮಂಡಿ ಹಿಡಿದು ಅಳುತ್ತಿದ್ದಳು. ಉಳಿದವರು ಕುಂಟುತ್ತಾ ಬಟ್ಟೆ ಬದಲಿಸುವ ಕೋಣೆ ಸೇರಿದ್ದರು. ಹುಡುಗಿ ನೇರವಾಗಿ ದಡ ಹತ್ತಿ ನಿಂತಿದ್ದ ಮೇಷ್ಟ್ರ ಹೆಂಡತಿಯ ಬಳಿಗೆ ಬಂದಳು.

"ಆಂಟಿ, ನಾಳೆಯಿಂದ ನೀವಿಬ್ರೂ ಬರೋದು ಬೇಡ."

ಮೂರು ಮಹಡಿಯ ಮೆಟ್ಟಿಲು ಅವಳ ಕಣ್ಣೆದುರು ನಿಂತವು.

"ಅವರು ಮಾಡಿದ್ದಕ್ಕೆ ನಾನ್ಯಾಕಮ್ಮ ಮನೇಲಿ ಕೊಳೀಬೇಕು? ನಾನು ಬಂದೇ ಬರ್ತೀನಿ."

"ಮತ್ತೆ ಅವರನ್ನ ಯಾರು ತಡೀತಾರೆ?"

"ನಾನು."

ಅಂದದ್ದೇನೋ ಅಂದಳು. ಇಷ್ಟು ವರ್ಷದಲ್ಲಿ ಆ ಮನುಷ್ಯನ ಬಾಯಿಗೆ ಅಡ್ಡ ಬಂದದ್ದೇ ಇಲ್ಲ. ತಿರುಗಿ ನೋಡಿದರೆ ಮೇಷ್ಟ್ರು ಇನ್ನೂ ನೀರಿನಲ್ಲೇ ಇದ್ದರು. ಏಣಿಯ ಕಂಬಿ ಹಿಡಿದು ಒಂದು ಕಾಲು ಎತ್ತುವರು, ಹಲ್ಲು ಕಚ್ಚುವರು, ಮತ್ತೆ ಇಳಿಸುವರು.

"ಏನೇ, ಸ್ವಲ್ಪ ಕೈ ಕೊಡೇ," ಎಂದರು ಮೆಲ್ಲಗೆ.

"ಕೊಡ್ತೀನಿ. ಮೊದಲು ಆ ಸೀಟಿ ಕೊಡಿ."

ಮೇಷ್ಟ್ರು ಅತ್ತಿತ್ತ ನೋಡಿದರು. ಕಾಪಾಡುವವರು ಯಾರೂ ಇರಲಿಲ್ಲ. ಸೀಟಿ ಬಿಚ್ಚಿ ಕೊಟ್ಟರು. ಅವಳು ಅದನ್ನು ಹುಡುಗಿಯ ಕೈಗೆ ಹಾಕಿ ಏಣಿ ಹಿಡಿದು ನೀರಿಗಿಳಿದಳು.

"ಈಗ ನನ್ನ ಜೊತೆ ಆ ತುದಿವರೆಗೆ ನಡೀರಿ. ನಿಧಾನ."

"ಎಲ್ಲಾ ನೋಡ್ತಾರೆ ಕಣೇ."

"ನೋಡ್ಲಿ. ಇಷ್ಟೊತ್ತು ನೋಡಿದ್ದಕ್ಕಿಂತ ಇದು ವಾಸಿ."

ನಡೆದರು. ಮೊದಲು ಅವಳ ಭುಜ ಹಿಡಿದು, ಆಮೇಲೆ ಹಿಡಿಯದೆ. ಹುಡುಗಿ ಸೀಟಿಯನ್ನು ತನ್ನ ಕೊರಳಿಗೆ ಹಾಕಿಕೊಂಡಳು. ಕೊಳದ ನಡುವೆ ಮೇಷ್ಟ್ರು ತಟ್ಟನೆ ನಿಂತರು. ಕಣ್ಣು ತುಂಬಿಕೊಂಡಿತ್ತು.

"ನೋಯ್ತಾ ಇಲ್ಲ ಕಣೇ," ಎಂದರು. "ನಡೆದ್ರೂ ನೋಯ್ತಾ ಇಲ್ಲ. ಎಷ್ಟು ವರ್ಷ ಆಗಿತ್ತು ಗೊತ್ತಾ?"

"ಗೊತ್ತು," ಎಂದಳು ಅವಳು. "ಬಾಯಿ ಮುಚ್ಕೊಂಡು ನಡೀರಿ."